ಕಮ್ಮಿ ಹುರಿದ ಕಾಫಿ: ರುಚಿ ನೋಡುವ ಬಗೆ

ನಾನು ತ್ಯಾವಣಿಗೆಯ ಖುಷ್ಕಿ ರೈತ. ಮೆಕ್ಕೆಜೋಳ, ರಾಗಿ ಬಿಟ್ಟು ಬೇರೆ ಗೊತ್ತಿಲ್ಲ. ಮನೇಲಿ ಕುಡಿಯೋದು ಚಾ. ಕಾಫಿ ವಿಷಯ ಬರೆಯಲು ಕಾರಣ ನಮ್ಮ ಭಾವ. ಅಕ್ಕನನ್ನು ಕೊಟ್ಟಿರೋದು ಬಾಬಾಬುಡನ್‌ಗಿರಿ ತಪ್ಪಲಿಗೆ. ಅಲ್ಲಿ ಅವರಿಗೆ ಮೂರು ಎಕರೆ ಅರೇಬಿಕಾ, ಎಸ್. 795 ತಳಿ. ಹಾಕೋದು ಕೊಟ್ಟಿಗೆ ಗೊಬ್ಬರ ಮಾತ್ರ.

ಕಳೆದ ವರ್ಷ ಒಬ್ಬ ವ್ಯಾಪಾರಿ, ಒಂದೇ ತೋಟದ ಸಾವಯವ ಕಾಫಿ ಆದರೆ ಹೆಚ್ಚು ರೇಟು ಕೊಡ್ತೀನಿ ಅಂದ. ಮಾದರಿ ಕಳಿಸಿದರೆ 'ಹುಳಿತ ವಾಸನೆ' ಅಂತ ವಾಪಸ್ ಬಂತು. ಭಾವನಿಗೆ ನಂಬಿಕೆ ಬರಲಿಲ್ಲ. ಬರೋದಾದರೂ ಹೇಗೆ? ಮನೆಯಲ್ಲಿ ಕುಡಿಯೋದು ಪೇಟೆಯ ಚಿಕೋರಿ ಪುಡಿ. ನಗಬೇಡಿ, ನನ್ನ ಮೆಕ್ಕೆಜೋಳದ ರೊಟ್ಟಿ ನಾನೂ ತಿಂದವನಲ್ಲ. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರರ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಹೋಗಿ ಒಂದಾಗುತ್ತಿತ್ತು. ಪೂರ್ತಿ ಬಿಡುಗಡೆ ಆದದ್ದು 1996ರಲ್ಲಿ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ ಗುರುತು ಸಿಕ್ಕಿದ್ದು 2019ರಲ್ಲಿ. ತನ್ನ ತೋಟದ ರುಚಿ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು?

ನಾನು ಹೋದಾಗ ಇಬ್ಬರೂ ಕೂತು ನೋಡಿದೆವು. ಬೀಜ ಎರಡು ಬಗೆ. ಒಂದು, ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ, ತೊಳೆದು ಒಣಗಿಸಿದ್ದು. ಇನ್ನೊಂದು, ಆಳು ಸಿಗದೆ ಹಣ್ಣು ಎರಡು ರಾತ್ರಿ ಚೀಲದಲ್ಲೇ ಉಳಿದದ್ದು.

ಬಾಣಲೆಯಲ್ಲಿ ಇನ್ನೂರು ಗ್ರಾಂ ಹಾಕಿ ಕೈ ಬಿಡದೆ ತಿರುವಬೇಕು. ಹಸಿ ಹುಲ್ಲಿನ ವಾಸನೆ ಹೋಗಿ ಬೀಜ ಹಳದಿಯಾಗುತ್ತೆ, ಆಮೇಲೆ ಕಂದು. ಜೋಳದ ಅರಳು ಸಿಡಿದ ಹಾಗೆ ಚಟಪಟ ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮೊರಕ್ಕೆ ಸುರಿದು ಆರಿಸಿ. ಬೀಜದ ಮೇಲೆ ಎಣ್ಣೆ ಕಾಣಬಾರದು. ಕಪ್ಪಗೆ ಹುರಿದರೆ ಎಲ್ಲ ಕಾಫಿಯೂ ಒಂದೇ ಕಹಿ, ಗುಣವೂ ಮುಚ್ಚುತ್ತೆ, ದೋಷವೂ ಮುಚ್ಚುತ್ತೆ. ಮೊದಲ ಸಲ ನಾನು ಉರಿ ಜಾಸ್ತಿ ಮಾಡಿ ಹೊರಗೆ ಕಂದು, ಒಳಗೆ ಹಸಿ ಉಳಿಸಿದೆ. ಕುಡಿದರೆ ಒಣಹುಲ್ಲು ನೆನೆಸಿದ ನೀರು!

ಎರಡು ದಿನ ಡಬ್ಬಿಯಲ್ಲಿಟ್ಟು ರವೆಯಷ್ಟು ತರಿಯಾಗಿ ಪುಡಿ ಮಾಡಿ. ಲೋಟಕ್ಕೆ ಹತ್ತು ಗ್ರಾಂ ಪುಡಿ, 180 ಮಿ.ಲೀ. ನೀರು. ಕುದಿ ಇಳಿಸಿ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಪುಡಿಯನ್ನು ಕುದಿಸಬೇಡಿ. ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಿ ನೋಡಿ, ನೊರೆ ತೆಗೆಯಿರಿ. ಹಾಲು, ಸಕ್ಕರೆ ಬೇಡ. ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ಸುರ್ ಎಂದು ಎಳೆಯಿರಿ. ಇನ್ನೂ ಆರಲು ಬಿಟ್ಟು ಮತ್ತೆ ನೋಡಿ, ದೋಷ ತಣ್ಣಗಾದಾಗಲೇ ಎದ್ದು ಕಾಣೋದು.

ಹುಳಿ ಎಂದ ಕೂಡಲೇ ಕೆಟ್ಟದ್ದು ಅನ್ನಬೇಡಿ. ಮೊದಲ ಲೋಟದಲ್ಲಿ ಕಿತ್ತಳೆಯ ಹುಳಿ, ಹಿಂದೆಯೇ ಬೆಲ್ಲದ ಸಿಹಿ. ಬಾಯಿ ಚೊಕ್ಕ. ಎರಡನೆಯದರಲ್ಲಿ ಹುಳಿತ ಹೆಂಡದ ವಾಸನೆ, ಗಂಟಲಲ್ಲೇ ನಿಂತಿತು. ಭಾವ ಲೋಟ ಕೆಳಗಿಟ್ಟು ಸುಮ್ಮನೆ ಕೂತರು. ಎರಡೂ ಒಂದೇ ಗಿಡದವು, ಎರಡೂ ಸಾವಯವ! ವ್ಯಾಪಾರಿಗೆ ಹೋಗಿದ್ದು ಎರಡನ್ನೂ ಬೆರೆಸಿದ್ದು.

ಅಕ್ಕ ಮಾತ್ರ ಒಳ್ಳೆಯ ಲೋಟವನ್ನೂ ಕುಡಿದು "ಇದೇನು ಕಷಾಯ?" ಅಂದಳು. ಹಾಲು ಹಾಕಿ ಕೊಟ್ಟೆವು, ಸಪ್ಪೆ ಆಯಿತು. ಹಾಲಿನ ಕಾಫಿಗೆ ಕಪ್ಪಗೆ ಹುರಿದದ್ದೇ ಸರಿ.

ಈ ಕೊಯ್ಲಿನಲ್ಲಿ ಭಾವ ಸಂಜೆಯೊಳಗೆ ಪಲ್ಪರ್‌ಗೆ ಹಾಕುವಷ್ಟೇ ಹಣ್ಣು ಕೊಯ್ಯಿಸುತ್ತಿದ್ದಾರೆ. ಒಂದೊಂದು ದಿನದ ಚೀಲಕ್ಕೂ ತಾರೀಖಿನ ಚೀಟಿ ಕಟ್ಟಿದ್ದಾರೆ. ಚೀಟಿವಾರು ಹುರಿದು ನೋಡಲು ನನಗೆ ಬರಹೇಳಿದ್ದಾರೆ. ರಾಗಿ ಒಕ್ಕಣೆ ಮುಗಿಸಿ ಹೊರಡಬೇಕು.