ಸೀಲು ಬಿದ್ದ ಚೀಟಿಯೆಲ್ಲ ಎಫ್‌ಐಆರ್ ಅಲ್ಲ

‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲಮ್ಮ, ಅಲ್ಲೇ ಹೋಗಿ ಕೊಡಿ.’ ಗಲಭೆಯಲ್ಲೋ ಸಶಸ್ತ್ರ ಕಾರ್ಯಾಚರಣೆಯಲ್ಲೋ ಲೈಂಗಿಕ ಹಿಂಸೆಗೆ ಸಿಕ್ಕು ಊರು ಬಿಟ್ಟವಳಿಗೆ ಹೀಗೆ ಹೇಳುವುದೇ ಕಾನೂನುಬಾಹಿರ. ಮಣಿಪುರದಿಂದ ಬಂದು ಕೆಂಗೇರಿಯ ಪಿಜಿಯಲ್ಲಿರುವವಳು ಕೆಂಗೇರಿ ಠಾಣೆಯಲ್ಲೇ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಂ ಪ್ರಕಾರ ಅದು ಜೀರೋ ಎಫ್‌ಐಆರ್.

ಮೊದಲು ದೂರು. ಬಾಯಲ್ಲಿ ಹೇಳಿದರೂ ಸಾಕು. ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಪ್ರತಿ ಉಚಿತ.

ನನ್ನ ಕಕ್ಷಿದಾರರು ಹೆಚ್ಚಾಗಿ ಸೋತದ್ದು ಇಲ್ಲೇ. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ಸೀಲು ಹಾಕಿದ ಚೀಟಿ ಕೊಟ್ಟು ಕಳಿಸುತ್ತಾರೆ. ಇವರು ಕೇಸಾಯಿತೆಂದು ನಂಬಿ ಮನೆಗೆ ಹೋಗುತ್ತಾರೆ. ನಿಜ ತಿಳಿಯುವಷ್ಟರಲ್ಲಿ ಬಟ್ಟೆ ಒಗೆದಾಗಿರುತ್ತದೆ, ಗಾಯ ಮಾಗಿರುತ್ತದೆ. ಹಾಳೆಯಲ್ಲಿ ‘ಪ್ರಥಮ ವರ್ತಮಾನ ವರದಿ’ ಎಂದಿದೆಯೇ, ಕಲಂ ನಮೂದಾಗಿದೆಯೇ ನೋಡದೆ ಠಾಣೆ ಬಿಡಬೇಡಿ. 2024ರ ಜುಲೈ 1ಕ್ಕೆ ಮೊದಲು ನಡೆದ ಕೃತ್ಯಕ್ಕೆ ಹಳೆಯ ಐಪಿಸಿ ಕಲಂ ಬೀಳುತ್ತದೆ, ಗಾಬರಿಯಾಗಬೇಡಿ. ತಡವಾಯಿತೆಂದು ತಿರಸ್ಕರಿಸುವಂತಿಲ್ಲ, ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ.

ಜೀರೋ ಎಫ್‌ಐಆರ್ ಆದ ಮೇಲೂ ಸುಮ್ಮನಿರಬೇಡಿ. ದೇಶವೇ ವಿಡಿಯೊ ನೋಡಿದ ಮಣಿಪುರದ ಬೆತ್ತಲೆ ಮೆರವಣಿಗೆ ಪ್ರಕರಣದಲ್ಲಿ 2023ರ ಮೇ 18ರ ಜೀರೋ ಎಫ್‌ಐಆರ್ ಸಂಬಂಧಪಟ್ಟ ಠಾಣೆ ಮುಟ್ಟಿದ್ದು ಜೂನ್ 21ಕ್ಕೆ. ಮೊದಲ ಬಂಧನವಾಗಿದ್ದು ಜುಲೈನಲ್ಲಿ, ವಿಡಿಯೊ ಹರಡಿದ ಮೇಲೆ. ವರ್ಗವಾದ ಠಾಣೆಯ ಹೊಸ ನಂಬರ್ ಕೇಳಿ ಪಡೆಯಿರಿ.

ಠಾಣೆಯವರು ಬರೆದುಕೊಳ್ಳದಿದ್ದರೆ ಡಿಸಿಪಿಗೆ ಅಂಚೆಯಲ್ಲಿ ದೂರು, ಆಮೇಲೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅತ್ಯಾಚಾರದ ದೂರು ದಾಖಲಿಸದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 199ನೇ ಕಲಮಿನಲ್ಲಿ ಆರು ತಿಂಗಳಿಂದ ಎರಡು ವರ್ಷ ಜೈಲು. ಇದನ್ನು ನೆನಪಿಸಿದರೆ ಕೆಲವರಿಗೆ ತಕ್ಷಣ ಪೆನ್ನು ಸಿಗುತ್ತದೆ!

ಆಸ್ಪತ್ರೆಗೆ ಪೊಲೀಸ್ ಪತ್ರ ಬೇಕಿಲ್ಲ. ಪತ್ರವಿಲ್ಲವೆಂದು ಪರೀಕ್ಷೆ ನಿರಾಕರಿಸುವುದನ್ನು ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ 2000ರಲ್ಲೇ ಸುಪ್ರೀಂ ಕೋರ್ಟ್ ಖಂಡಿಸಿದೆ. ಚಿಕಿತ್ಸೆ ಉಚಿತ, ಖಾಸಗಿ ಆಸ್ಪತ್ರೆಯಲ್ಲೂ.

ಆರೋಪಿ ಸಮವಸ್ತ್ರದವನಾದರೆ? ನಿಯೋಜಿತ ಸೈನಿಕ, ಅಧಿಕಾರ ದುರ್ಬಳಕೆ ಮಾಡಿದ ಪೊಲೀಸ್, ಇವರಿಗೆ ಕನಿಷ್ಠ ಶಿಕ್ಷೆ ಹತ್ತು ವರ್ಷ. ಅತ್ಯಾಚಾರದ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಡ. ಆದರೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ (ಆಫ್‌ಸ್ಪಾ) ಜಾರಿಯಿರುವ ಕಡೆ ಸೈನಿಕನ ವಿಚಾರಣೆಗೆ ಕೇಂದ್ರದ ಅನುಮತಿ ಈಗಲೂ ಬೇಕು. ಇದನ್ನು ತೆಗೆಯಿರಿ ಎಂದು 2013ರಲ್ಲೇ ವರ್ಮಾ ಸಮಿತಿ ಹೇಳಿತ್ತು. ಅನುಮತಿ ಬೇಕೆಂದು ಎಫ್‌ಐಆರ್ ನಿರಾಕರಿಸುವಂತಿಲ್ಲ.

ಪಕ್ಕದ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್ 20ರಂದು, ಶ್ರೀಗಂಧ ಹುಡುಕುವ ನೆಪದಲ್ಲಿ ನುಗ್ಗಿದ ಸರ್ಕಾರಿ ಪಡೆಯಿಂದ 18 ಹೆಣ್ಣುಮಕ್ಕಳು ಅತ್ಯಾಚಾರಕ್ಕೊಳಗಾದರು. 215 ನೌಕರರಿಗೆ ಶಿಕ್ಷೆಯಾದದ್ದು 2011ರಲ್ಲಿ, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ದೂರು ಕೈಬಿಡದ್ದಕ್ಕೆ ಅಷ್ಟಾದರೂ ಆಯಿತು.

ರಾಜಿ ಮಾಡಿಸುತ್ತೇನೆಂದು ಠಾಣೆ ಬಾಗಿಲಲ್ಲೇ ಕಾಯುವ ದಲ್ಲಾಳಿಯನ್ನು ನಂಬಬೇಡಿ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ. ವಕೀಲರ ಫೀಸಿನ ಚಿಂತೆಯೇ? ಆದಾಯ ಎಷ್ಟಿದ್ದರೂ ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ.