ದೃಷ್ಟಿದೋಷ, ತಾಯಿತ ಮತ್ತು ಇಷ್ಟಲಿಂಗ

ಬಾದಾಮಿ, ಹುನಗುಂದ, ಇಳಕಲ್ಲು ಸೀಮೆಯ ಲಿಂಗಾಯತ ಮನೆಗಳಲ್ಲಿ ಹಸುಗೂಸಿನ ಕೊರಳನ್ನು ನೋಡಿದರೆ, ಶಿವದಾರದಲ್ಲಿ ಕಟ್ಟಿದ ಲಿಂಗದ ಪಕ್ಕದಲ್ಲಿಯೇ ಕರಿಯ ದಾರವೊಂದರಲ್ಲಿ ಪುಟ್ಟ ತಾಯಿತವೂ ತೂಗುತ್ತಿರುವುದು ಅನೇಕ ವೇಳೆ ಕಂಡುಬರುತ್ತದೆ. ಎರಡೂ ಕೊರಳಿನಲ್ಲಿ, ಎರಡೂ ದಾರದಲ್ಲಿ, ಎರಡಕ್ಕೂ ಬೆಳ್ಳಿಯ ಹೊದಿಕೆ. ಹಾಗಾದರೆ ಲಿಂಗವೂ ಒಂದು ಬಗೆಯ ತಾಯಿತವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದು ಉಡಾಫೆಯ ಪ್ರಶ್ನೆಯಲ್ಲ. ಉತ್ತರವನ್ನು ಮೊದಲು ಶಬ್ದಗಳಲ್ಲಿ ಹುಡುಕುವುದು ಲೇಸು.

ಸಂಸ್ಕೃತದ ‘ದೃಷ್ಟಿ’ ಕನ್ನಡದಲ್ಲಿ ‘ದಿಟ್ಟಿ’ ಎಂದು ತದ್ಭವವಾಯಿತು. ದಿಟ್ಟಿಯೆಂದರೆ ನೋಟ, ಕಣ್ಣು. ಕೇಡು ತರುವ ನೋಟವೆಂಬುದು ಅದರ ವಿಶೇಷಾರ್ಥ. ನಮ್ಮ ಭಾಗದ ತಾಯಂದಿರು ‘ಕೂಸಿಗೆ ನದರಾಗೇತಿ’ ಎನ್ನುತ್ತಾರಷ್ಟೆ. ಆ ‘ನದರು’ ಅರಬ್ಬಿಯ ‘ನಜರ್’ ಶಬ್ದದಿಂದ ಬಂದುದು. ಅದಕ್ಕೂ ಮೂಲತಃ ನೋಟವೆಂದೇ ಅರ್ಥ. ತುರ್ಕಿ ದೇಶದಲ್ಲಿ ಕಟ್ಟುವ ನೀಲಿ ಗಾಜಿನ ಕಣ್ಣುಮಣಿಗೂ ಇದೇ ಹೆಸರುಂಟು. ‘ಅಂತ್ರ’ವೆಂಬುದು ‘ಯಂತ್ರ’ದ ಆಡುರೂಪ. ತಾಯಿತಕ್ಕೆ ತಮಿಳಿನಲ್ಲಿ ‘ತಾಯತ್ತು’, ತೆಲುಗಿನಲ್ಲಿ ‘ತಾಯೆತ್ತು’, ಮರಾಠಿಯಲ್ಲಿ ‘ತಾಈತ’ ಎನ್ನುವರು. ಇದನ್ನು ಅರಬ್ಬಿಯಿಂದ ಬಂದ ‘ತಾವೀಜ್’ ಶಬ್ದದೊಡನೆ ಹೋಲಿಸುವವರಿದ್ದಾರೆ. ಆ ಶಬ್ದದ ಮೂಲಾರ್ಥ ಆಶ್ರಯ ಬೇಡುವುದು ಎಂದು. ‘ತಾಯಿ’ಯಿಂದ ತಾಯಿತವಾಯಿತೆಂಬ ವಿವರಣೆ ಕಿವಿಗೆ ಇಂಪಾದುದೇ ಹೊರತು ವ್ಯಾಕರಣಕ್ಕೆ ಒಗ್ಗುವಂತಹುದಲ್ಲ.

ಶಬ್ದ ಎಲ್ಲಿಂದಲೇ ಬಂದಿರಲಿ, ಆಚಾರವು ಬಹು ಪ್ರಾಚೀನವಾದುದು. ಜಂಗಿಡ, ಪರ್ಣ, ದರ್ಭ ಮೊದಲಾದ ಮಣಿಗಳನ್ನು ರಕ್ಷೆಗಾಗಿ ಕಟ್ಟುವ ಸೂಕ್ತಗಳು ಅಥರ್ವವೇದದಲ್ಲಿಯೇ ಇವೆ.

ಈ ರಕ್ಷೆಗಳಲ್ಲಿ ಎರಡು ಬಗೆ. ಒಂದು, ನೋಟವನ್ನು ತನ್ನತ್ತ ಸೆಳೆದುಕೊಳ್ಳುವಂತಹುದು. ನೋಡುವವನ ಮೊದಲ ನೋಟವೇ ತಾಗುವುದೆಂದು ಜನರ ನಂಬಿಕೆ. ಆದುದರಿಂದ ಚೆಲುವಿಗೆ ಬೇಕೆಂದೇ ಒಂದು ಊನವನ್ನು ತರುತ್ತಾರೆ. ಕೂಸಿನ ಕೆನ್ನೆಯ ಕಾಡಿಗೆ ಬೊಟ್ಟು, ಫಲವತ್ತಾದ ಹೊಲದಲ್ಲಿ ಸುಣ್ಣದ ಚುಕ್ಕೆಯಿಟ್ಟ ಮಡಕೆ, ಹೊಸ ಮನೆಯ ಮುಂದೆ ಕೋರೆಹಲ್ಲು ಬರೆದ ಕುಂಬಳಕಾಯಿ, ಲಾರಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಇವೆಲ್ಲ ಈ ಬಗೆಗೆ ಸೇರಿದವು. ಬಾದಾಮಿ, ಪಟ್ಟದಕಲ್ಲುಗಳ ಚಾಲುಕ್ಯ ಶಿಲ್ಪದಲ್ಲಿ ಕಾಣುವ ಕೀರ್ತಿಮುಖಕ್ಕೂ ಇವುಗಳಿಗೂ ಸಂಬಂಧವುಂಟೆಂದೇ ನನ್ನ ಅಭಿಪ್ರಾಯ. ಶಿವನ ಕೋಪದಿಂದ ಹುಟ್ಟಿದ ಭೂತವು ಅವನ ಆಜ್ಞೆಯಂತೆ ತನ್ನ ಮೈಯನ್ನೇ ತಿಂದು ಮುಖಮಾತ್ರವಾಗಿ ಉಳಿಯಿತೆಂದೂ, ಶಿವನು ಅದಕ್ಕೆ ಬಾಗಿಲಿನ ಮೇಲೆ ಸ್ಥಾನವಿತ್ತನೆಂದೂ ಪುರಾಣ ಹೇಳುತ್ತದೆ. ಕುಂಬಳಕಾಯಿಯ ಮೇಲಿನ ಆ ಕೋರೆಹಲ್ಲಿನ ಮೋರೆಯನ್ನು ನಮ್ಮ ಹುಡುಗರು ಸುಮ್ಮನೆ ನಗುವ ಬದಲು ಒಮ್ಮೆ ಗುಡಿಯ ಕಲ್ಲಿನೊಡನೆ ಹೋಲಿಸಿ ನೋಡಬೇಕು.

ಎರಡನೆಯದು ತಾಯಿತ. ಅದರ ಕ್ರಮ ಇದಕ್ಕೆ ವಿರುದ್ಧವಾದುದು. ತಗಡಿನ ಅಥವಾ ಕಾಗದದ ಮೇಲೆ ಬೀಜಾಕ್ಷರಗಳನ್ನೋ ಅಂಕೆಗಳನ್ನೋ ಬರೆದು, ಸುರುಳಿ ಸುತ್ತಿ, ತಾಮ್ರದ ಇಲ್ಲವೆ ಬೆಳ್ಳಿಯ ಕೊಳವೆಯಲ್ಲಿರಿಸಿ, ಅರಗಿನಿಂದ ಬಾಯಿ ಮುಚ್ಚುತ್ತಾರೆ. ಒಳಗೇನಿದೆಯೆಂದು ಕಟ್ಟಿಕೊಂಡವನೂ ನೋಡುವುದಿಲ್ಲ. ಬಿಚ್ಚಿದರೆ ಶಕ್ತಿ ಹೋಯಿತೆಂದೇ ಲೆಕ್ಕ. ದರ್ಗಾದಲ್ಲಿ ಕಟ್ಟಿಸಿದರೂ, ಗುಡಿಯಲ್ಲಿ ಕಟ್ಟಿಸಿದರೂ ನಿಯಮ ಒಂದೇ.

ಲಿಂಗಕ್ಕೂ ತಾಯಿತಕ್ಕೂ ಇರುವ ಭೇದ ಇಲ್ಲಿಯೇ ಇದೆ. ಕರಡಿಗೆಯೂ ಹೊದಿಕೆಯೇ; ಆದರೆ ಅದು ತೆರೆಯುವುದಕ್ಕಾಗಿ ಮಾಡಿದ ಹೊದಿಕೆ. ಪೂಜೆಯ ವೇಳೆಗೆ ಲಿಂಗವನ್ನು ಹೊರತೆಗೆದು, ಎಡ ಅಂಗೈಯಲ್ಲಿರಿಸಿ, ಕಂತಿಯ ಕಪ್ಪಿನಲ್ಲಿ ಹೊಳೆಯುವ ಬೆಳಕಿನ ಮೇಲೆ ರೆಪ್ಪೆ ಅಲುಗದಂತೆ ನೋಟವನ್ನು ನಿಲ್ಲಿಸಬೇಕು. ತಾಯಿತವು ಪರರ ನೋಟವನ್ನು ತಡೆಯಲೆಂದು ಕಟ್ಟಿದುದು. ಲಿಂಗವು ಧರಿಸಿದವನ ನೋಟವನ್ನೇ ಬೇಡುವಂತಹುದು. ಒಂದರಲ್ಲಿ ದೃಷ್ಟಿ ಭಯ, ಇನ್ನೊಂದರಲ್ಲಿ ದೃಷ್ಟಿಯೇ ಸಾಧನ. ಹಾಗೆಂದು ರಕ್ಷೆಯ ಭಾವನೆಯನ್ನು ಧರ್ಮವು ತಳ್ಳಿಹಾಕಿತೆನ್ನಲಾಗದು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳೆಂಬ ಎಂಟನ್ನು ‘ಆವರಣ’ವೆಂದು ಕರೆದಿದೆ, ಸುತ್ತುವರಿದು ಕಾಯುವುದೇ ಆವರಣ. ಆದರೆ ಶಕುನ, ಮುಹೂರ್ತಗಳ ಅಂಜಿಕೆಯನ್ನು 12ನೆಯ ಶತಮಾನದ ಶರಣರು ಕಟುವಾಗಿ ಟೀಕಿಸಿದರು. ಲಿಂಗವಿದ್ದ ಕೊರಳಿಗೆ ಮತ್ತೆ ತಾಯಿತವೇಕೆಂದು ಕೇಳುವ ಹಕ್ಕು ಆ ಪರಂಪರೆಯಿಂದಲೇ ನಮಗೆ ಬಂದಿದೆ. ಕೂಸಿನ ಮೇಲಿನ ಮಮತೆಯಿಂದ ಕಟ್ಟಿದ ತಾಯಿಯನ್ನು ಜರೆಯುವ ಹಕ್ಕು ಮಾತ್ರ ಬಂದಿಲ್ಲ.

ಮಮತೆಯಿಂದಲೂ ಅಪಾಯ ಒದಗುವುದುಂಟು. ಮಾರಾಟದ ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಮಕ್ಕಳ ಮೆದುಳಿಗೆ ಹಾನಿಕರವಾದ ಸೀಸ ಕಂಡುಬಂದಿದೆ. ಜ್ವರವನ್ನು ನದರೆಂದು ಬಗೆದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತ ದಿನ ಕಳೆದರೆ ರೋಗ ಬಲಿಯುತ್ತದೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯೋಪಚಾರವನ್ನು ತಪ್ಪಿಸಿ ಮಂತ್ರತಂತ್ರ, ದಾರಗಳಿಂದ ಚಿಕಿತ್ಸೆ ಮಾಡುವುದನ್ನು ಕರ್ನಾಟಕದ 2017ರ ದುಷ್ಟ ಪದ್ಧತಿಗಳ ನಿರ್ಮೂಲನ ಕಾಯಿದೆ ಅಪರಾಧವೆಂದು ಸಾರಿದೆ. ಕೊರಳಿಗೆ ಹುಲಿಯುಗುರು ಕಟ್ಟುವ ಹಳೆಯ ರೂಢಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದ ಕೆಲವರನ್ನು ನಮ್ಮ ರಾಜ್ಯದಲ್ಲಿ ಬಂಧಿಸಿದಾಗ, ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಉಗುರನ್ನಿಟ್ಟುಕೊಂಡಿದ್ದ ಎಷ್ಟೋ ಮಂದಿಗೆ ಈ ಕಾನೂನಿನ ಅರಿವಾಯಿತು.