ಒಲೆಗೊಂದು ಪಟ್ಟಿ, ಹೊಲಕ್ಕೊಂದು ಪಟ್ಟಿ

ಲಿಂಗಸುಗೂರು ಸೀಮೆಯಲ್ಲಿ ಸಾಸಿವೆ ಎಂದರೆ ಒಗ್ಗರಣೆಯ ಕಾಳು, ಅಷ್ಟೇ. ಹಿಂಗಾರಿ ಹೊಲದ ಅಕ್ಕಡಿ ಸಾಲಿನಲ್ಲಿ ಹಿರಿಯರು ಒಂದು ಹಿಡಿ ಹಾಕುತ್ತಿದ್ದರು, ಮನೆಖರ್ಚಿಗೆ ಬಂದರೆ ಸಾಕು ಎಂದು. ಅದರ ಎಲೆಯನ್ನೂ ಉಣ್ಣಬಹುದೆಂದು ನನಗೆ ತಿಳಿದದ್ದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಅಲ್ಲಿ ದಶಕಗಳಿಂದ ನೆಲೆಸಿವೆ. ಅವರ ಅಡುಗೆಯಲ್ಲಿ ಸಾಸಿವೆಯ ಎಣ್ಣೆ, ಕಾಳು, ಎಲೆ ಎಲ್ಲಕ್ಕೂ ಜಾಗವಿದೆ. ಅಲ್ಲಿನ ಒಬ್ಬ ಹಿರಿಯ ಹೆಣ್ಣುಮಗಳು ನಮ್ಮ ಕನ್ನಡದಲ್ಲೇ ಹೇಳಿದರು: "ಹೂ ಬಿಡೋದ್ರೊಳಗ ಕೊಯ್ಯಬೇಕಪ್ಪ, ಆಮ್ಯಾಲೆ ಅದು ದನಕ್ಕ." ಕೃಷಿ ಪುಸ್ತಕಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ನನ್ನ ಹೊಲ ಎರಡು ಥರದ್ದು. ಒಂದು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ವಾರಬಂದಿಯಲ್ಲಿ ತಲುಪುವ ಮಸಾರಿ. ಇನ್ನೊಂದು, ಮಳೆಯನ್ನೇ ನಂಬಿದ ಎರೆ. ಮಸಾರಿಯಲ್ಲಿ ಸಜ್ಜೆ ಕೊಯ್ದ ಮೇಲೆ ಬೇಸಿಗೆ ಶೇಂಗಾ ಬಿತ್ತುವ ತನಕ ನೆಲ ಬರಿದೇ ಬಿದ್ದು ಕರಿಕೆ, ಕಸ ಬೆಳೆಯುತ್ತಿತ್ತು. ಒಲೆಗೂ ಆದೀತು, ನೆಲ ಮುಚ್ಚಿ ಕೊನೆಗೆ ಮಣ್ಣಿಗೂ ಸೇರೀತು ಎಂದು ಸಾಸಿವೆಯನ್ನು ಮೊದಲು ಹಾಕಿದ್ದು ಅಲ್ಲಿಗೆ.

ಪಂಜಾಬಿನಲ್ಲಿ ಸಾಸಿವೆ ಸೊಪ್ಪಿಗೆ ಚಳಿಗಾಲವಿಡೀ ಪುರುಸೊತ್ತು ಇದೆ. ನಮ್ಮಲ್ಲಿ ಚಳಿ ಬರುವುದೇ ನವೆಂಬರಿನಲ್ಲಿ, ಸಂಕ್ರಾಂತಿ ದಾಟಿದರೆ ಬಿಸಿಲು ಕಚ್ಚುತ್ತದೆ. ಚಿತ್ತಿ ಮಳೆಯ ಹಸಿಯಲ್ಲಿ ಬಿತ್ತಿದರೆ ಎಲೆ ಅಗಲವಾಗಿ ಬರುತ್ತದೆ. ಡಿಸೆಂಬರಿಗೆ ತಳ್ಳಿದರೆ ಗೇಣುದ್ದದ ಗಿಡವೇ ಹೂ ಬಿಟ್ಟು ನಿಲ್ಲುತ್ತದೆ. ಬೀಜ ಸಣ್ಣದು, ಅರ್ಧ ಇಂಚಿಗಿಂತ ಆಳಕ್ಕೆ ಬಿದ್ದರೆ ಮೇಲೇಳುವುದು ಕಷ್ಟ. ಮರಳಿನಲ್ಲಿ ಬೆರೆಸಿ ಚೆಲ್ಲಿ, ಮೇಲೆ ಹಗುರವಾಗಿ ಕುಂಟೆ ಎಳೆದರೆ ಆಯಿತು. ಕಾಳಿನ ಬೆಳೆಗೆ ಎಕರೆಗೆ 2 ಕಿಲೋ ಬೀಜ ಸಾಕು. ನೆಲ ಮುಚ್ಚಬೇಕಾದರೆ ಅದರ ಇಮ್ಮಡಿ ಹಾಕುತ್ತೇನೆ, ಬೀಜ ದುಬಾರಿಯೇನಲ್ಲ.

ತಿಂಗಳೊಳಗೆ ಎಲೆ ಕೈಗೆ ಬರುತ್ತದೆ. ಎಳೆಯದನ್ನು ಹಕ್ಕರಕಿ, ಮೂಲಂಗಿ ತಪ್ಪಲಿನ ಜೊತೆ ಹಸಿಯಾಗಿಯೇ ಜೋಳದ ರೊಟ್ಟಿಗೆ ಹಚ್ಚಿಕೊಳ್ಳಬಹುದು, ಮೂಗಿಗೆ ಏರುವ ಖಾರ. ಬಲಿತದ್ದಕ್ಕೆ ಹೆಸರುಬೇಳೆ, ಬೆಳ್ಳುಳ್ಳಿ ಬೇಕು. ಪುಂಡಿಪಲ್ಯದ ಸ್ಥಾನಕ್ಕೆ ಅದು ಬರಲಾರದು, ನಮ್ಮ ಮನೆಯವರ ತೀರ್ಪೂ ಅದೇ.

ಆದರೆ ರುಚಿ ಹತ್ತಿದಂತೆ ಒಂದು ತಕರಾರು ಕಂಡಿತು. ಪಲ್ಯಕ್ಕೆಂದು ಮೇಲಿಂದ ಮೇಲೆ ಎಲೆ ಕಿತ್ತ ಕಡೆ ಗಿಡ ಸೊರಗಿ, ನಡುವೆ ಕಸ ಎದ್ದು, ಉಳುಮೆಯ ಹೊತ್ತಿಗೆ ಮಣ್ಣಿಗೆ ಸೇರಿಸಲು ಬರೀ ಕಡ್ಡಿ ಉಳಿಯಿತು. ಈಗ ಬದುವಿನ ಪಕ್ಕದ ಪಟ್ಟಿ ಒಲೆಗೆ, ಉಳಿದದ್ದು ಹೊಲಕ್ಕೆ. ಹೊಲದ ಪಾಲಿಗೆ ಯಾರೂ ಕೈ ಹಾಕುವಂತಿಲ್ಲ.

ಹೂ ತುಂಬಿದಾಗಲೇ ರೋಟವೇಟರ್ ಹೊಡೆಸಬೇಕು. ಕಾಯಿ ಕಟ್ಟಲು ಬಿಟ್ಟರೆ ಬೀಜ ಸಿಡಿದು ಶೇಂಗಾದಲ್ಲಿ ಕಳೆಯಾಗಿ ಕಾಡುತ್ತದೆ. ಸಾಸಿವೆಯ ಖಾರಕ್ಕೆ ಮೂಲವಾದ ಗ್ಲುಕೋಸಿನೊಲೇಟ್ ಎಂಬ ಅಂಶ, ಎಲೆ ಜಜ್ಜಿದಾಗ ಮಣ್ಣಿನ ಕೆಲವು ಶಿಲೀಂಧ್ರ, ಜಂತುಹುಳುಗಳನ್ನು ಹತ್ತಿಕ್ಕುವ ಆವಿಯಾಗುತ್ತದೆ. ಆ ಗುಣ ಬೇಕೆಂದರೆ ನುಚ್ಚಾದ ಸೊಪ್ಪನ್ನು ಆಗಿಂದಾಗಲೇ ಹಸಿ ಮಣ್ಣಿನಲ್ಲಿ ಮುಚ್ಚಬೇಕು, ಬಿಸಿಲಿಗೆ ಒಣಗಲು ಬಿಟ್ಟರೆ ಹಾರಿಹೋಗುತ್ತದೆ. ಅದೇ ಆವಿ ಮುಂದಿನ ಬೀಜದ ಮೊಳಕೆಗೂ ಒಳ್ಳೆಯದಲ್ಲ, ಎರಡು ಮೂರು ವಾರ ತಡೆದು ಬಿತ್ತಬೇಕು. ಒಂದು ಮಾತು ನೆನಪಿರಲಿ, ಇದು ಸೆಣಬಲ್ಲ, ಡಯಾಂಚ ಅಲ್ಲ. ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವುದಿಲ್ಲ. ಹಿಂದಿನ ಬೆಳೆ ಉಂಡು ಬಿಟ್ಟ ಗೊಬ್ಬರ ಇಂಗಿ ಹೋಗದಂತೆ ಹಿಡಿದಿಟ್ಟು ಮರಳಿ ಕೊಡುತ್ತದೆ, ಅಷ್ಟೇ.

ಡಿಸೆಂಬರಿನ ಮೋಡ ಕವಿದ ದಿನಗಳಲ್ಲಿ ಹೂಗೊಂಚಲಿಗೆ ಹೇನು ಮುತ್ತುತ್ತದೆ. ತಿನ್ನುವ ಸೊಪ್ಪಿಗೆ ವಿಷ ಹೊಡೆಯುವ ಮಾತೇ ಇಲ್ಲ. ಹೇನು ಕಂಡ ತುದಿಗಳನ್ನು ಮುರಿದು ಹಾಕುತ್ತೇನೆ, ಮಿಕ್ಕದ್ದಕ್ಕೆ ಬೇವಿನ ಬೀಜದ ಕಷಾಯ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆಕೋಸಿನ ನಡುವೆ ಸಾಸಿವೆಯ ಸಾಲು ಹಾಕಿ ಹುಳುಗಳನ್ನು ಅದರತ್ತ ಸೆಳೆಯುವ ಪದ್ಧತಿಯನ್ನೇ ರೂಪಿಸಿತು. ಹುಳುಗಳಿಗೆ ಸಾಸಿವೆ ಎಷ್ಟು ಇಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಳೆಯಾಶ್ರಿತ ಎರೆಯ ಕಥೆ ಬೇರೆ. ಅಲ್ಲಿ ಹಿಂಗಾರಿ ಜೋಳ, ಕಡಲೆ ನಿಲ್ಲುವುದೇ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಜೋಳದ ನಡುವೆ ಸಾಸಿವೆ ದಟ್ಟವಾಗಿ ಚೆಲ್ಲಿದರೆ ಆ ಹಸಿಯನ್ನು ಅದೇ ಕುಡಿಯುತ್ತದೆ, ಜೋಳದ ತೆನೆ ಚಿಕ್ಕದಾಗುತ್ತದೆ. ಹಿರಿಯರ ಅಕ್ಕಡಿ ಸಾಲಿನ ಲೆಕ್ಕ ಅಲ್ಲಿಗೆ ಸರಿ, ಅದಕ್ಕಿಂತ ಹೆಚ್ಚು ಬೇಡ.

ಸಾಸಿವೆಗೆ ನಿಜವಾದ ಅವಕಾಶ ಇರುವುದು ಸಿಂಧನೂರಿನ ಭತ್ತದ ಗದ್ದೆಗಳಲ್ಲಿ. ತುಂಗಭದ್ರಾ ಎಡದಂಡೆಗೆ ಎರಡನೇ ಬೆಳೆಯ ನೀರು ಸಿಗದ ವರ್ಷ ಅವು ಬೀಳು ಬೀಳುತ್ತವೆ. ಭತ್ತ ಕೊಯ್ದ ಗದ್ದೆಯಲ್ಲಿ ಹಸಿಯೂ ಇರುತ್ತದೆ, ಸುರಿದ ಯೂರಿಯಾದ ಶೇಷವೂ ಇರುತ್ತದೆ. ಮೊಳಕೆ ಹಂತ ದಾಟಿದರೆ ಸಾಸಿವೆ ಅಲ್ಪಸ್ವಲ್ಪ ಸವಳನ್ನೂ ತಾಳಿಕೊಳ್ಳುತ್ತದೆ. ಗದ್ದೆಯುಳ್ಳವರು ಈ ಸಲ ಹುಲ್ಲಿಗೆ ಬೆಂಕಿ ಹಚ್ಚುವ ಮುನ್ನ ಒಂದು ಮಡಿಯಲ್ಲಾದರೂ ಸಾಸಿವೆ ಚೆಲ್ಲಿ ನೋಡಿ.